4ಕೆ ಟಿವಿಗೆ ಪಿಸಿ ಹಾಕಿದರೆ ಆಟ ತಡವರಿಸುತ್ತಿದೆ. ಪಿಸಿ ಮಾರಿ ಪಿಎಸ್5 ಗೇಮ್ ಕನ್ಸೋಲ್ ತಗೊಳ್ಳಲಾ?

ತೀನ್‌ಕಂದೀಲ್_ಗೇಮರ್ (ರಾಯಚೂರು):
ಎಲ್ಲರಿಗೂ ನಮಸ್ಕಾರ. ಹಾಲ್‌ನಲ್ಲಿ 55 ಇಂಚಿನ 4ಕೆ ಟಿವಿ ಇದೆ. ಅದಕ್ಕೆ ನನ್ನ ಪಿಸಿ ಜೋಡಿಸಿದ್ದೇನೆ. ರೈಜನ್ 5 3600 ಪ್ರೊಸೆಸರ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್. ಹಳೆಯ 1080ಪಿ ಮಾನಿಟರ್‌ನಲ್ಲಿ ಇದೇ ಪಿಸಿ ಏನೂ ತಕರಾರು ಮಾಡುತ್ತಿರಲಿಲ್ಲ. ಟಿವಿಯಲ್ಲಿ ಮಾತ್ರ ಮೌಸ್ ಕೈಗಿಂತ ಹಿಂದೆ ಬರುತ್ತದೆ, ಅಕ್ಷರಗಳ ಅಂಚು ಮಸುಕು. ಕ್ರಿಕೆಟ್ ಗೇಮ್‌ನಲ್ಲಿ ಬ್ಯಾಟ್ ಬೀಸುವಷ್ಟರಲ್ಲಿ ಸ್ಟಂಪ್ ಹಾರಿರುತ್ತದೆ.

ಇದರ ಮೇಲೆ ಕರೆಂಟ್ ಕಾಟ. ಕರೆಂಟ್ ತಯಾರಾಗುವ ಶಕ್ತಿನಗರ ಪಕ್ಕದಲ್ಲೇ ಇದ್ದರೂ ನಮ್ಮ ಓಣಿಯಲ್ಲಿ ಕರೆಂಟ್ ಹೋಗುವುದು ತಪ್ಪಲ್ಲ. ಇನ್ವರ್ಟರ್ ಇದೆ, ಆದರೂ ಪಿಸಿ ರೀಸ್ಟಾರ್ಟ್ ಆಗುತ್ತದೆ. ಅಂಗಡಿಯಲ್ಲಿ ಕೇಳಿದರೆ "ಟಿವಿಗೆ ಕನ್ಸೋಲೇ ಸರಿ, ಪಿಸಿ ಮಾರಿಬಿಡಿ" ಅಂದರು. ಆದರೆ ತಂಗಿಯ ಕಾಲೇಜ್ ಪ್ರಾಜೆಕ್ಟ್ ಎಲ್ಲಾ ಇದೇ ಪಿಸಿಯಲ್ಲಿ. ಏನು ಮಾಡಲಿ?

ಕೋಟೆ_ಕೆಳಗೆ (ಬಳ್ಳಾರಿ):
ಈಗಲೇ ಏನೂ ಮಾರಬೇಡಿ. ವಿಂಡೋಸ್‌ನಲ್ಲಿ ಡಿಸ್ಪ್ಲೇ ಸೆಟ್ಟಿಂಗ್ಸ್, ಅದರೊಳಗೆ ಅಡ್ವಾನ್ಸ್ಡ್ ಡಿಸ್ಪ್ಲೇ ತೆಗೆಯಿರಿ. ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಅನ್ನುವುದು, ಎಷ್ಟು ತೋರಿಸುತ್ತದೆ? ಟಿವಿಯ ಯಾವ ಪೋರ್ಟ್‌ಗೆ, ಯಾವ ಕೇಬಲ್ ಹಾಕಿದ್ದೀರಿ ಅದನ್ನೂ ಹೇಳಿ.

ತೀನ್‌ಕಂದೀಲ್_ಗೇಮರ್:
30 ಹರ್ಟ್ಜ್ ಅಂತ ಇದೆ ಅಣ್ಣ. 60 ಆಯ್ಕೆಯೇ ಬರುತ್ತಿಲ್ಲ. ಕೇಬಲ್ ಸೆಟ್‌ಟಾಪ್ ಬಾಕ್ಸ್ ಜೊತೆ ಬಂದದ್ದು.

ಕೋಟೆ_ಕೆಳಗೆ:
ಹಂಗಾದರೆ ಸಿಕ್ಕಿತು. ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲದಷ್ಟೇ ಹೋಗುತ್ತದೆ. 2.0ರಲ್ಲಿ 60. 4ಕೆಯಲ್ಲಿ 120 ಬೇಕೆಂದರೆ 2.1. ನಿಮ್ಮ ಕಾರ್ಡ್ 2.0 ವರೆಗೆ ಹೋಗುತ್ತದೆ. ಹಾಗಾಗಿ ಅಡ್ಡಿ ಇರುವುದು ಕೇಬಲ್‌ನಲ್ಲಿ, ಇಲ್ಲಾ ಟಿವಿಯ ಪೋರ್ಟ್ ಸೆಟ್ಟಿಂಗ್‌ನಲ್ಲಿ. ತುಂಬಾ ಟಿವಿಗಳು ಹಳೆ ಪೆಟ್ಟಿಗೆಗಳಿಗೂ ಹೊಂದಲಿ ಅಂತ ಪೋರ್ಟ್ ಅನ್ನು ಕಡಿಮೆ ವೇಗದಲ್ಲೇ ಇಟ್ಟಿರುತ್ತವೆ. ಅದನ್ನು ನಾವೇ ಬಿಚ್ಚಬೇಕು. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಡೀಪ್ ಕಲರ್, ಸೋನಿಯಲ್ಲಿ ಎನ್‌ಹಾನ್ಸ್ಡ್ ಫಾರ್ಮ್ಯಾಟ್ ಅಂತ ಹೆಸರು. ಪಿಸಿ ಹಾಕಿರುವ ಪೋರ್ಟ್‌ಗೆ ಅದನ್ನು ಆನ್ ಮಾಡಿ.

ಆಮೇಲೆ ಆ ಇನ್‌ಪುಟ್‌ನ ಚಿಹ್ನೆಯನ್ನು ಪಿಸಿ ಅಂತ ಬದಲಿಸಿ. ಸಿನಿಮಾ ನೋಡಲು ಮಾಡಿದ ಟಿವಿ ಬಣ್ಣದ ಮಾಹಿತಿಯನ್ನು ಅರ್ಧಕ್ಕರ್ಧ ಕಡಿಮೆ ಮಾಡಿ ತೋರಿಸುತ್ತದೆ. ಸಿನಿಮಾದಲ್ಲಿ ಅದು ಗೊತ್ತಾಗಲ್ಲ. ಕಪ್ಪು ಹಿನ್ನೆಲೆಯ ಕೆಂಪು ಅಕ್ಷರ ನೋಡಿದರೆ ಕೂಡಲೇ ಗೊತ್ತಾಗುತ್ತದೆ. ಮಸುಕಿಗೆ ಅದೇ ಕಾರಣ. ಕೊನೆಗೆ ಗೇಮ್ ಮೋಡ್ ಹಾಕಿ, ಚಲನೆಯನ್ನು ನುಣುಪು ಮಾಡುವ ಮೋಷನ್ ಸ್ಮೂತಿಂಗ್ ತೆಗೆಯಿರಿ. ಚಿತ್ರವನ್ನು ತಿದ್ದಿ ತೀಡಲು ಟಿವಿ ತಗೊಳ್ಳುವ ಹೊತ್ತೇ ನಿಮ್ಮ ವಿಕೆಟ್ ತಿನ್ನುತ್ತಿರುವುದು.

ಒಂದು ಮಾತು. ಇವೆಲ್ಲ ಟಿವಿಯ ಸೆಟ್ಟಿಂಗ್‌ಗಳು. ಗೇಮ್ ಮೋಡ್ ಇಲ್ಲದಿದ್ದರೆ ಪಿಎಸ್5 ತಂದರೂ ಬ್ಯಾಟ್ ತಡವಾಗಿಯೇ ಬೀಸುತ್ತಿತ್ತು.

ತೀನ್‌ಕಂದೀಲ್_ಗೇಮರ್:
ಸ್ಟೇಷನ್ ರೋಡ್‌ನಲ್ಲಿ ಬೇರೆ ಕೇಬಲ್ ತಂದೆ, ಪೋರ್ಟ್ ಸೆಟ್ಟಿಂಗ್ ಬದಲಿಸಿದೆ. 60 ಬಂತು! ಅಕ್ಷರ ಸ್ವಚ್ಛ, ಮೌಸ್ ಸರಿ. ಆದರೆ ಹೊಸ ಗೇಮ್‌ಗಳು ಇನ್ನೂ 20–25 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ ಅಷ್ಟೇ ಚಿತ್ರ) ತೆವಳುತ್ತವೆ. ಇದಕ್ಕಾದರೂ ಕನ್ಸೋಲ್ ಬೇಕಲ್ವಾ?

ಕಂಟ್ರೋಲರ್_ಕೊಪ್ಪಳ:
ನಾನು ಎರಡೂ ಇಟ್ಟುಕೊಂಡವನು, ಹೇಳ್ತೀನಿ. 1080ಪಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. 4ಕೆಯಲ್ಲಿ ಸುಮಾರು 83 ಲಕ್ಷ. ಅದೇ ಕಾರ್ಡ್‌ನ ತಲೆ ಮೇಲೆ ನಾಲ್ಕು ಪಟ್ಟು ಹೊರೆ ಬಿತ್ತು. 2019ರ 6 ಜಿಬಿ ಕಾರ್ಡ್ ಇನ್ನೇನು ಮಾಡೀತು?

ವಿಂಡೋಸ್ 4ಕೆಯಲ್ಲೇ ಇರಲಿ. ಗೇಮ್ ಒಳಗೆ ಎಫ್‌ಎಸ್‌ಆರ್ ಇದ್ದರೆ ಪರ್ಫಾರ್ಮೆನ್ಸ್ ಮೋಡ್ ಹಾಕಿ. ಆಗ ಗೇಮ್ ಒಳಗಡೆ 1080ಪಿಯಲ್ಲಿ ಚಿತ್ರ ಬರೆದು 4ಕೆಗೆ ಹಿಗ್ಗಿಸುತ್ತದೆ. ಡಿಎಲ್‌ಎಸ್‌ಎಸ್ ಇದಕ್ಕಿಂತ ಚೆನ್ನಾಗಿದೆ, ಆದರೆ ಅದಕ್ಕೆ ಆರ್‌ಟಿಎಕ್ಸ್ ಕಾರ್ಡೇ ಬೇಕು. ಎಫ್‌ಎಸ್‌ಆರ್ ಇಲ್ಲದ ಗೇಮ್‌ಗೆ ಸುಮ್ನೆ 1440ಪಿ ಇಡಿ. ಎಂಟು ಅಡಿ ದೂರದ ಸೋಫಾದಿಂದ ವ್ಯತ್ಯಾಸ ಹುಡುಕಬೇಕು.

ಕನ್ಸೋಲ್ ಕೂಡ ಇದೇ ಉಪಾಯ ಮಾಡುತ್ತದೆ, ಇದನ್ನು ಯಾರೂ ಹೇಳಲ್ಲ. ಪಿಎಸ್5ನಲ್ಲಿ ಬಹಳಷ್ಟು ದೊಡ್ಡ ಗೇಮ್‌ಗಳಿಗೆ ಎರಡು ಮೋಡ್. ಕ್ವಾಲಿಟಿ ಹಾಕಿದರೆ ಚಿತ್ರ ಚೆಂದ, ಸಾಮಾನ್ಯವಾಗಿ 30 ಎಫ್‌ಪಿಎಸ್. ಪರ್ಫಾರ್ಮೆನ್ಸ್ ಹಾಕಿದರೆ 60, ಆದರೆ ನಿಜವಾದ 4ಕೆ ಇರುವುದು ಅಪರೂಪ. ಆದರೂ ನಿಮ್ಮ 1660ಕ್ಕಿಂತ ಪಿಎಸ್5 ಬಹಳ ಮುಂದೆ. ಅದರಲ್ಲಿ ಎರಡು ಮಾತಿಲ್ಲ. ಸೆಟ್ಟಿಂಗ್ ತಿರುಗಿಸುತ್ತಾ ಸಂಜೆ ಕಳೆಯುವುದೂ ಇಲ್ಲ. ನನಗಂತೂ ಅದೇ ಅದರ ದೊಡ್ಡ ಗುಣ.

ಖರ್ಚು ಬೇರೆ ಬೇರೆ ಕಡೆ ಇದೆ. ಕಾರ್ಡ್ ಬದಲಿಸಿದರೆ ಪಿಸಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಕೂಡ ಬದಲಿಸಬೇಕಾಗಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪಿಸಿಯಲ್ಲಿ ಸೇಲ್ ಬಂದಾಗ ಗೇಮ್ ಅಗ್ಗ, ಆನ್‌ಲೈನ್ ಆಡಲು ಚಂದಾ ಇಲ್ಲ. ಪಿಎಸ್5ನಲ್ಲಿ ದುಡ್ಡು ಕೊಟ್ಟು ಕೊಂಡ ಗೇಮ್‌ಗಳನ್ನು ಆನ್‌ಲೈನ್ ಆಡಲು ಪಿಎಸ್ ಪ್ಲಸ್ ಬೇಕು. ಉಚಿತ ಗೇಮ್‌ಗಳಿಗೆ ಬೇಡ. ಆದರೆ ಡಿಸ್ಕ್ ಇರುವ ಮಾಡೆಲ್ ತಗೊಂಡರೆ ಆಡಿ ಮುಗಿಸಿ ಮಾರಬಹುದು, ಗೆಳೆಯರ ಜೊತೆ ಅದಲುಬದಲು ಮಾಡಬಹುದು. ಊರಲ್ಲಿ ಅಂಥ ಗೆಳೆಯರಿದ್ದಾರಾ ನೋಡಿಕೊಳ್ಳಿ. ಇಲ್ಲದಿದ್ದರೆ ಆ ಲಾಭ ಅರ್ಧಕ್ಕೆ ಇಳಿಯುತ್ತದೆ.

ಟಿವಿ ಪ್ಯಾನೆಲ್ 60 ಹರ್ಟ್ಜ್‌ದಾ 120ದಾ? ಡಬ್ಬಿ ಮೇಲೆ "ಮೋಷನ್ 120" ಅಂತಿದ್ದರೆ ನಂಬಬೇಡಿ. ಕಂಪನಿಯ ವೆಬ್‌ಸೈಟ್‌ನಲ್ಲಿ ನೇಟಿವ್ ರಿಫ್ರೆಶ್ ರೇಟ್ ನೋಡಿ.

ತೀನ್‌ಕಂದೀಲ್_ಗೇಮರ್:
ನೋಡಿದೆ. 60 ಅಷ್ಟೇ.

ಕಂಟ್ರೋಲರ್_ಕೊಪ್ಪಳ:
ಸರಿ, 120 ಆಸೆಗೆ ಅಂತ ಯಾವುದನ್ನೂ ಕೊಳ್ಳಬೇಡಿ. ಪಿಎಸ್5ಗೆ 60ರ ಟಿವಿ ಧಾರಾಳ ಸಾಕು. ದುಬಾರಿ ಕಾರ್ಡ್ ಹಾಕಿದರೆ ಅದರ ಅರ್ಧ ಶಕ್ತಿ ಈ ಟಿವಿಯಲ್ಲಿ ಕಾಣುವುದೇ ಇಲ್ಲ.

ಭತ್ತದ_ಕಣ (ಸಿಂಧನೂರು):
ನಮ್ಮ ಕಡೆಯ ಬಿಸಿಲಿನ ಬಗ್ಗೆ ಯಾರೂ ಮಾತಾಡಲಿಲ್ಲವಲ್ರೀ. ಪಿಎಸ್5 ನಡೆಯಲು ಕಂಪನಿ ಹೇಳಿರುವ ಉಷ್ಣಾಂಶ 5ರಿಂದ 35 ಡಿಗ್ರಿ. ಏಪ್ರಿಲ್–ಮೇನಲ್ಲಿ ನಮ್ಮ ಹಾಲ್ ಒಳಗೇ ಅದಕ್ಕಿಂತ ಜಾಸ್ತಿ. ಟಿವಿ ಸ್ಟ್ಯಾಂಡ್‌ನ ಮುಚ್ಚಿದ ಖಾನೆಯಲ್ಲಿ ಇಡಲೇಬೇಡಿ, ಸುತ್ತ ಗಾಳಿ ಆಡಲಿ. ಏರ್‌ಕೂಲರ್ ನೇರವಾಗಿ ಬೀಸುವ ಜಾಗವೂ ಬೇಡ, ತೇವ ಮತ್ತು ಧೂಳು ಸೇರಿ ಒಳಗೆ ಅಂಟುತ್ತದೆ. ನಮ್ಮಲ್ಲಿ ರೈಸ್ ಮಿಲ್ ಹೊಟ್ಟು ಬೇರೆ. ಪಿಸಿಯಾದರೆ ಪಕ್ಕದ ಬಾಗಿಲು ತೆಗೆದು ಬ್ಲೋವರ್ ಹಿಡಿದರೆ ಆಯಿತು. ಮಧ್ಯಾಹ್ನ ಆಡುವುದಾದರೆ ಎಫ್‌ಪಿಎಸ್ ಅನ್ನು 60ಕ್ಕೆ ಕಟ್ಟಿ ಹಾಕಿ, ಕಾರ್ಡ್ ಬಿಸಿ ಇಳಿಯುತ್ತದೆ.

ಕರೆಂಟ್ ವಿಷಯಕ್ಕೆ ಬಂದರೆ ಕನ್ಸೋಲ್‌ನಲ್ಲೂ ಬ್ಯಾಟರಿ ಇಲ್ಲ. ಅದೂ ಆಫ್ ಆಗಬಹುದು. ನಿಮ್ಮ ಇನ್ವರ್ಟರ್ ಹಿಂದೆ ಅಥವಾ ಮುಂದೆ ಯುಪಿಎಸ್, ಇಕೋ ಅಂತ ಒಂದು ಸ್ವಿಚ್ ಇದೆಯಾ ನೋಡಿ. ಇಕೋದಲ್ಲಿ ಬ್ಯಾಟರಿಗೆ ಬದಲಾಗುವುದು ನಿಧಾನ. ಫ್ಯಾನ್, ಲೈಟ್‌ಗೆ ತೊಂದರೆ ಇಲ್ಲ, ಪಿಸಿ ತಡೆಯಲ್ಲ.

ತೀನ್‌ಕಂದೀಲ್_ಗೇಮರ್:
ಇಕೋದಲ್ಲೇ ಇತ್ತು! ಯುಪಿಎಸ್‌ಗೆ ಹಾಕಿದೆ. ನಿನ್ನೆ ರಾತ್ರಿ ಕರೆಂಟ್ ಹೋಯಿತು, ಪಿಸಿ ಆಫ್ ಆಗಲಿಲ್ಲ. ಇನ್ವರ್ಟರ್ ಸ್ಕ್ವೇರ್ ವೇವ್ ಅಂತ ಬರೆದಿದೆ, ಪರವಾಗಿಲ್ವಾ?

ಪಿಸಿ ಮಾರುವುದಿಲ್ಲ, ತಂಗಿಗೆ ಇರಲಿ. ಎಫ್‌ಎಸ್‌ಆರ್ ಹಾಕಿ ಈ ಬೇಸಿಗೆ ಕಳೆಯುತ್ತೇನೆ. ಮಳೆಗಾಲದ ನಂತರ ಡಿಸ್ಕ್ ಇರುವ ಪಿಎಸ್5.

ಭತ್ತದ_ಕಣ:
ಸ್ಕ್ವೇರ್ ವೇವ್‌ನಲ್ಲಿ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಾಕು ತಮ್ಮಾ, ತಾಸುಗಟ್ಟಲೆ ಆಡಬೇಡ. ಕೆಲವು ಎಸ್‌ಎಂಪಿಎಸ್‌ಗಳಿಗೆ ಅದು ಆಗಿಬರಲ್ಲ. ಮುಂದೆ ಬದಲಿಸಿದರೆ ಪ್ಯೂರ್ ಸೈನ್ ವೇವ್ ತಗೋ. ಹಾಂ, ಕೇಬಲ್ ಮುಟ್ಟಿದಾಗ ಕೈ ಜುಮ್ಮೆಂದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತದೆ, ನೀರು ಹಾಕಬೇಕು. ಅಲ್ಲಿಯವರೆಗೆ ಎಚ್‌ಡಿಎಂಐ ಹಾಕುವಾಗ, ತೆಗೆಯುವಾಗ ಟಿವಿ, ಪಿಸಿ ಎರಡರ ಕರೆಂಟ್ ಪ್ಲಗ್ ಕಿತ್ತಿಡು. ಪೋರ್ಟ್ ಸುಟ್ಟರೆ ಟಿವಿಯ ಬೋರ್ಡ್‌ಗೇ ಖರ್ಚು ಬರುತ್ತದೆ.