‘ಟಿವಿ ಆರಿಸುವುದು’ ಎಂದರೆ ಯಾವುದು? ಜೊತೆಗೆ ಚಪ್ಪಟೆ, ಕರ್ಣ, ಹಿಂಬೆಳಕು

‘ಹೊಸ ಟಿವಿ ಆರಿಸುವ ಮುನ್ನ’ ಎಂಬ ತಲೆಬರಹ ಓದಿದ ಕೂಡಲೇ ನಿಮಗೆ ಹೊಳೆಯುವ ಅರ್ಥ ಯಾವುದು? ಅಂಗಡಿಯಲ್ಲಿ ಆಯ್ಕೆ ಮಾಡುವುದೋ, ಮಲಗುವ ಹೊತ್ತಿಗೆ ನಂದಿಸುವುದೋ?

ಮಂಡ್ಯದಲ್ಲಿರುವ ನನ್ನ ಸೋದರಮಾವ ಹೊಸ ಟಿವಿ ಕೊಳ್ಳುವವರಿದ್ದಾರೆ. ಅಂಗಡಿಯವರು ಕೊಟ್ಟ ಬಣ್ಣಬಣ್ಣದ ಕಾಗದಗಳಲ್ಲಿ ಏನಿದೆ ಎಂಬುದನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿಕೊಡು ಎಂದು ಮೈಸೂರಿನಲ್ಲಿರುವ ನನ್ನನ್ನು ಕೇಳಿದ್ದರು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನನ್ನ ಕರಡನ್ನು ಉತ್ತರಪತ್ರಿಕೆಯಂತೆ ತಿದ್ದಿ ಹಿಂದಕ್ಕೆ ಕಳುಹಿಸಿದ್ದಾರೆ. ತಲೆಬರಹದ ಪಕ್ಕದಲ್ಲೇ ಕೆಂಪು ಶಾಯಿಯ ಟಿಪ್ಪಣಿ: ‘ಆರಿಸುವುದಕ್ಕೆ ಎರಡು ಪುಟ ಏಕಯ್ಯಾ, ರಿಮೋಟಿನಲ್ಲಿ ಗುಂಡಿ ಇದೆಯಲ್ಲ!’ ಆ ಕರಡಿನ ಪದಗಳನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. ಬಲ್ಲವರು ಕೈಜೋಡಿಸಬೇಕು.

ಅಕ್ಕಿ ಆರಿಸುವವರು ಕಲ್ಲು ತೆಗೆಯುತ್ತಾರೆ, ದೀಪ ಆರಿಸುವವರು ಕತ್ತಲು ಮಾಡುತ್ತಾರೆ, ಬಟ್ಟೆ ಆರಿಸುವವರು ತಂತಿಯ ಮೇಲೆ ಹರಡುತ್ತಾರೆ. ದೀಪ ಆರುವುದು, ಬಿಸಿ ಆರುವುದು, ಒದ್ದೆ ಆರುವುದು ಇವೆಲ್ಲ ಹಳಗನ್ನಡದಲ್ಲಿ ಶಕಟರೇಫದ ‘ಆಱು’. ಆ ಅಕ್ಷರ ಬಳಕೆ ತಪ್ಪಿದ ಮೇಲೆ ಬರಹದಲ್ಲಿ ಬೇರೆ ಆರುಗಳ ಜೊತೆ ಇದೂ ಕಲೆತುಹೋಯಿತು. ಸಾಮಾನ್ಯವಾಗಿ ಇದರಿಂದ ತೊಂದರೆಯಿಲ್ಲ. ‘ಆರಿಸಿ ಬಂದ ಶಾಸಕರು’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬೆಳಗುವ ವಸ್ತುಗಳ ವಿಷಯದಲ್ಲಿ ಮಾತ್ರ ಸಿಕ್ಕು. ಬಲ್ಬು, ಲಾಂದ್ರ, ಟಿವಿ ಮೂರನ್ನೂ ಅಂಗಡಿಯಲ್ಲಿ ಆರಿಸುತ್ತೇವೆ, ಮನೆಯಲ್ಲೂ ಆರಿಸುತ್ತೇವೆ. ಹಾಗಾಗಿ ‘ಟಿವಿ ಆಯ್ದುಕೊಳ್ಳುವ ಮುನ್ನ’ ಎಂದು ಬದಲಿಸಿದ್ದೇನೆ. ‘ಆಯ್ಕೆ ಮಾಡುವ’ ಎಂದರೂ ನಡೆಯುತ್ತದೆ, ಆದರೆ ಅದು ಸಮಿತಿಯೊಂದು ಕುಳಿತು ಮಾಡುವ ಕೆಲಸದಂತೆ ಕೇಳಿಸುತ್ತದೆ.

ಎರಡನೆಯ ಪದ ‘ಫ್ಲಾಟ್’. ಇದನ್ನು ಚಪ್ಪಟೆ ಎನ್ನಬೇಕೋ, ಮಟ್ಟಸ ಎನ್ನಬೇಕೋ? ಇವೆರಡೂ ಒಂದೇ ಅಲ್ಲ ಎಂಬುದು ನನ್ನ ವಾದ. ಹಳೆಯ ಟಿವಿಯ ಕೊಳವೆಗೆ ಮುಂದೆ ಉಬ್ಬಿದ ಗಾಜು, ಹಿಂದೆ ದೊಡ್ಡ ಗೂನು ಇರುತ್ತಿದ್ದವು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಮುಂದಿನ ಗಾಜಿನ ಉಬ್ಬು ಹೋಯಿತು, ಹಿಂದಿನ ಗೂನು ಉಳಿಯಿತು. ಅಂಗಡಿಗಳಲ್ಲಿ ಮೊದಲು ‘ಫ್ಲಾಟ್ ಟಿವಿ’ ಎನಿಸಿಕೊಂಡದ್ದು ಇದು. ಇಬ್ಬರು ಹೊರಬೇಕಾದ ಆ ಭಾರದ ವಸ್ತುವನ್ನು ಚಪ್ಪಟೆ ಎನ್ನಲಾಗುವುದೇ? ಅದರ ಮುಖ ಮಟ್ಟಸವಾಗಿತ್ತು, ಅಷ್ಟೇ. ಗೋಡೆಗೆ ನೇತುಹಾಕುವ ತೆಳು ಟಿವಿ ಬಂದ ಮೇಲೆ ಅದೇ ಪದ ಮುಖದಿಂದ ಮೈಗೆ ಜಾರಿತು. ನಡುವೆ ಕೆಲವು ವರ್ಷ ಬಾಗಿದ ಪರದೆಯ ಟಿವಿಗಳೂ ಮಾರಾಟಕ್ಕೆ ಬಂದವು. ಮೈ ಚಪ್ಪಟೆ, ಆದರೆ ಮುಖ ಮಟ್ಟಸವಲ್ಲ. ಅಂದರೆ ಮೈಗೆ ಚಪ್ಪಟೆ, ಮುಖಕ್ಕೆ ಮಟ್ಟಸ ಎಂದು ಹಂಚಿಕೊಟ್ಟರೆ ಕನ್ನಡದಲ್ಲಿ ಲೆಕ್ಕ ಸರಿಯಾಗುತ್ತದೆ. ಇಷ್ಟೆಲ್ಲ ಹೇಳಿದ ಮೇಲೂ ಮಾವನವರ ಪುಟದಿಂದ ಆ ಪದವನ್ನೇ ತೆಗೆದುಹಾಕಿದ್ದೇನೆ. ಈಗ ಅಂಗಡಿಯಲ್ಲಿರುವುದೆಲ್ಲ ಚಪ್ಪಟೆಯೇ ಆಗಿರುವಾಗ ಕೊಳ್ಳುವವರಿಗೆ ಆ ಮಾತಿನಿಂದ ಏನು ತಿಳಿದಂತಾಯಿತು? ಅಂದಹಾಗೆ, ಟಿವಿಯನ್ನು ಬೈಯಲು ಇದ್ದ ‘ಮೂರ್ಖರ ಪೆಟ್ಟಿಗೆ’ಯ ಗತಿಯೂ ಇದೇ. ಪೆಟ್ಟಿಗೆ ಮಾಯವಾಗಿದೆ.

ನನ್ನ ಮುಖ್ಯ ತಕರಾರು ಇರುವುದು ‘ಎಲ್‌ಇಡಿ ಟಿವಿ’ ಎಂಬ ಹೆಸರಿನ ಮೇಲೆ. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಾಗಲಿ ಮಂಡ್ಯದ ವಿ.ವಿ. ರಸ್ತೆಯಲ್ಲಾಗಲಿ ಈ ಹೆಸರು ಕೇಳಿದವರು, ಪರದೆಯ ಮೇಲಿನ ಚಿತ್ರವನ್ನು ಎಲ್‌ಇಡಿ ದೀಪಗಳೇ ಬಿಡಿಸುತ್ತವೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಇದು ಎಲ್‌ಸಿಡಿ, ಅಂದರೆ ದ್ರವಸ್ಫಟಿಕದ ಪರದೆಯೇ. 1888ರಲ್ಲಿ ಸಸ್ಯವಿಜ್ಞಾನಿ ಫ್ರೀಡ್ರಿಖ್ ರೈನಿಟ್ಸರ್ ಗಮನಿಸಿದ ಆ ವಿಚಿತ್ರ ದ್ರವಕ್ಕೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಬಿಡುವುದು ಅಥವಾ ತಡೆಯುವುದಷ್ಟೇ ಅದರ ಕೆಲಸ. ಆ ಬೆಳಕು ಮೊದಲು ಸಣ್ಣ ಟ್ಯೂಬ್‌ಲೈಟುಗಳಿಂದ ಬರುತ್ತಿತ್ತು. ಟ್ಯೂಬು ತೆಗೆದು ಎಲ್‌ಇಡಿ ಹಾಕಿದ ಮೇಲೆ ಪೂರ್ತಿ ಟಿವಿಗೇ ಹೊಸ ಹೆಸರಿಟ್ಟು ಮಾರಿದರು.

ಇದನ್ನು ವಿವರಿಸಲು ಹಳೆ ಮೈಸೂರು ಸೀಮೆಯವರು ದೂರ ಹೋಗಬೇಕಾಗಿಲ್ಲ. ತೊಗಲುಗೊಂಬೆ ಆಟ ನೋಡಿದ್ದರೆ ಸಾಕು. ಮುಂದೆ ಬಿಳಿಯ ತೆರೆ, ಹಿಂದೆ ದೀಪ, ನಡುವೆ ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ ಬಣ್ಣ ಹಾಕಿದ ತೊಗಲು. ಎಲ್‌ಸಿಡಿ ಟಿವಿಯ ರಚನೆಯೂ ಇದೇ. ಮೊದಲು ಹರಳೆಣ್ಣೆಯ ದೀಪವಿಟ್ಟು ಆಡಿಸುತ್ತಿದ್ದ ಮೇಳ ಈಗ ವಿದ್ಯುತ್ ಬಲ್ಬು ತಂದರೆ ನಾವು ‘ಬಲ್ಬಿನ ಗೊಂಬೆಯಾಟ’ ಎನ್ನುತ್ತೇವೆಯೇ?

ಆದ್ದರಿಂದ ಕನ್ನಡದಲ್ಲಿ ಹೆಸರಿಡುವಾಗ ಬೆಳಕು ಎಲ್ಲಿಂದ ಬರುತ್ತದೆ ಎಂಬುದನ್ನು ಹೇಳಬೇಕು. ಕೊಳ್ಳುವವರು ತೀರ್ಮಾನಿಸಬೇಕಾದ ದೊಡ್ಡ ಸಂಗತಿ ಅದೇ. ಒಂದು ಬಗೆ ಹಿಂಬೆಳಕಿನ ಟಿವಿ. ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಎಲ್ಲವೂ ಇದರಲ್ಲೇ ಬಂದವು. ಕ್ಯೂಎಲ್‌ಇಡಿಯಲ್ಲಿ ಬಣ್ಣಗಳನ್ನು ಶುದ್ಧಗೊಳಿಸುವ ಅತಿಸೂಕ್ಷ್ಮ ಕಣಗಳ ಪದರವೊಂದು ಹೆಚ್ಚಾಗಿ ಇರುತ್ತದೆ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳು ಚಿಕ್ಕವು ಮತ್ತು ಬಹಳ. ಚಿತ್ರದಲ್ಲಿ ಕತ್ತಲಿರುವ ಕಡೆ ಅಷ್ಟು ಭಾಗದ ದೀಪಗಳನ್ನು ಮಾತ್ರ ತಗ್ಗಿಸಬಹುದು. ಇನ್ನೊಂದು ಬಗೆ ಓಎಲ್‌ಇಡಿ. ಇಲ್ಲಿ ಹಿಂಬೆಳಕೇ ಇಲ್ಲ, ಪ್ರತಿಯೊಂದು ಚುಕ್ಕಿಯೂ ತಾನೇ ಬೆಳಗುತ್ತದೆ, ಬೇಡವೆಂದಾಗ ತಾನೇ ಆರುತ್ತದೆ. ರಾತ್ರಿಯ ದೃಶ್ಯದಲ್ಲಿ ಕಪ್ಪು ಕಪ್ಪಾಗಿಯೇ ಕಾಣುವುದು ಇದರಿಂದ. ಸಾದಾ ಹಿಂಬೆಳಕಿನಲ್ಲಿ ಎಷ್ಟು ತಡೆದರೂ ಒಂದಿಷ್ಟು ಬೆಳಕು ಸೋರಿ ಕಪ್ಪು ಬೂದಿಬಣ್ಣವಾಗುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಓ ಮತ್ತು ಕ್ಯೂ ಅಕ್ಷರಗಳಿಗೆ ಇರುವ ವ್ಯತ್ಯಾಸ ಒಂದು ಬಾಲ ಮಾತ್ರ. ಆ ಸಾಮ್ಯ ಮಾರುವವರಿಗೆ ಅನುಕೂಲವಾಗಿಯೇ ಬಂದಿದೆ. ಕನ್ನಡದಲ್ಲಿ ಬರೆದಾಗ ‘ಓಎಲ್‌ಇಡಿ’, ‘ಕ್ಯೂಎಲ್‌ಇಡಿ’ ಒಂದನ್ನೊಂದು ಹೋಲುವುದೇ ಇಲ್ಲ. ಕನ್ನಡದಲ್ಲಿ ಬರೆಸಿಕೊಂಡದ್ದಕ್ಕೆ ಮಾವನವರಿಗೆ ಆದ ಮೊದಲ ಲಾಭ ಅದು.

ಓಎಲ್‌ಇಡಿಯ ಓ ಎಂದರೆ ಆರ್ಗ್ಯಾನಿಕ್. ರಸಾಯನಶಾಸ್ತ್ರದ ಕನ್ನಡ ಪಠ್ಯಗಳಲ್ಲಿ ಇದಕ್ಕೆ ‘ಸಾವಯವ’ ಎಂದಿದೆ. ಇಂಗಾಲದ ಸಂಯುಕ್ತ ಎಂಬುದು ತಾತ್ಪರ್ಯ. ಆದರೆ ಮಂಡ್ಯದಲ್ಲಿ ‘ಸಾವಯವ ಟಿವಿ’ ಎಂದು ಬರೆದು ನೋಡಿ. ಆಲೆಮನೆಯಿಂದ ಬಂದ ಸಾವಯವ ಬೆಲ್ಲದ ಪಕ್ಕದಲ್ಲಿ ಅದನ್ನೂ ಇಡುತ್ತಾರೆ. ಪದ ಶಾಸ್ತ್ರದ ದೃಷ್ಟಿಯಿಂದ ಸರಿಯಾಗಿದ್ದೂ ಇಲ್ಲಿ ಕೆಲಸಕ್ಕೆ ಬಾರದು. ನಾನು ‘ತಾನೇ ಬೆಳಗುವ ಪರದೆ’ ಎಂದು ಬಿಡಿಸಿ ಬರೆದಿದ್ದೇನೆ. ‘ಸ್ವಯಂಪ್ರಕಾಶ’ ಎಂಬ ಸಲಹೆಯೂ ಬಂದಿತ್ತು. ಅದು ವೇದಾಂತದ ಉಪನ್ಯಾಸಕ್ಕೆ ಸಲ್ಲುತ್ತದೆ, ನಡುಮನೆಯ ಗೋಡೆಗೆ ಭಾರ.

ತಾನೇ ಬೆಳಗುವ ಪರದೆಗೆ ಒಂದು ಅಳುಕು ಇದೆ. ಒಂದೇ ಗುರುತು ಒಂದೇ ಜಾಗದಲ್ಲಿ ಗಂಟೆಗಟ್ಟಲೆ, ತಿಂಗಳುಗಟ್ಟಲೆ ಬೆಳಗುತ್ತಿದ್ದರೆ ಆ ಜಾಗದ ಚುಕ್ಕಿಗಳು ಬೇಗ ಸವೆದು ಗುರುತಿನ ಛಾಯೆ ಉಳಿದುಬಿಡಬಹುದು. ಈಗಿನ ಟಿವಿಗಳಲ್ಲಿ ಇದನ್ನು ತಗ್ಗಿಸುವ ಏರ್ಪಾಡುಗಳಿವೆ, ಆದರೆ ಸಾಧ್ಯತೆ ಪೂರ್ತಿ ಹೋಗಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಒಂದೇ ಸುದ್ದಿವಾಹಿನಿ ಹಾಕಿಕೊಂಡು ಕೂರುವ ಮನೆಗಳಲ್ಲಿ, ವಾಹಿನಿಯ ಲಾಂಛನವೂ ಕೆಳಗಿನ ಪಟ್ಟಿಯೂ ಹೀಗೆ ಉಳಿಯುವ ಭಯ. ಇಂಗ್ಲಿಷಿನಲ್ಲಿ ‘ಬರ್ನ್-ಇನ್’ ಎನ್ನುವ ಇದಕ್ಕೆ ‘ಸುಟ್ಟಕಲೆ’ ಎಂಬ ಅನುವಾದ ಕಂಡಿದ್ದೇನೆ. ಇಲ್ಲಿ ಏನೂ ಸುಡುವುದಿಲ್ಲ. ಓದಿದವರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿಯಾರು. ‘ಅಚ್ಚು ಬೀಳುವುದು’ ಎಂದರೆ ವಿಷಯಕ್ಕೆ ಹತ್ತಿರ. ನನ್ನ ಮಾವ ಅಂಥ ಸುದ್ದಿಪ್ರಿಯರೇ ಆದ್ದರಿಂದ ಅವರಿಗೆ ಹಿಂಬೆಳಕಿನದೇ ಸಾಕು ಎಂದು ಬರೆದೆ. ಅದಕ್ಕೂ ಕೆಂಪು ಶಾಯಿ: ‘ಬೆಲೆ ನೋಡಿದ ಮೇಲೆ ನಾನೂ ಇದೇ ಸಿದ್ಧಾಂತಕ್ಕೆ ಬಂದಿದ್ದೆ.’

ಇನ್ನು ಅಳತೆ. ಟಿವಿಯ ಇಂಚು ಅಗಲವೂ ಅಲ್ಲ, ಎತ್ತರವೂ ಅಲ್ಲ, ಮೂಲೆಯಿಂದ ಎದುರು ಮೂಲೆಗೆ. ಇದಕ್ಕೆ ಕೆಲವು ಕನ್ನಡ ಜಾಲಪುಟಗಳು ‘ವಿಕರ್ಣ’ ಎಂದು ಬರೆಯುತ್ತವೆ. ಗಣಿತದ ಮೇಷ್ಟರು ಸುಮ್ಮನಿರುವರೇ? ನಮ್ಮ ಶಾಲಾಪಠ್ಯಗಳಲ್ಲಿ ಆಯತದ ಎದುರು ಮೂಲೆಗಳನ್ನು ಸೇರಿಸುವ ರೇಖೆ ‘ಕರ್ಣ’. ‘ವಿಕರ್ಣ’ ಎಂದರೆ ಲಂಬಕೋನ ತ್ರಿಭುಜದಲ್ಲಿ ಲಂಬಕೋನಕ್ಕೆ ಎದುರಾದ ಬಾಹು. ಹಿಂದಿಯಲ್ಲಿ ಇದು ತಿರುವುಮುರುವು: ಅಲ್ಲಿ ಆಯತದ್ದು ವಿಕರ್ಣ, ತ್ರಿಭುಜದ್ದು ಕರ್ಣ. ಹಿಂದಿಯಿಂದ ಇಳಿಸಿದವರು ಪದವನ್ನು ಹಾಗೆಯೇ ಎತ್ತಿಕೊಂಡಿರಬೇಕು. (ಮಹಾಭಾರತದಲ್ಲಿ ಇಬ್ಬರೂ ಕೌರವರ ಪಾಳಯದವರೇ ಆದ್ದರಿಂದ ಯಾರು ಯಾವ ಮೂಲೆಯಲ್ಲಿದ್ದರೂ ನಡೆದೀತು ಎಂದು ನಾನು ಹೇಳಿದ್ದಕ್ಕೆ ಮಾವ ನಗಲಿಲ್ಲ.) ಪುಟದಲ್ಲಿ ‘ಮೂಲೆಯಿಂದ ಮೂಲೆಗೆ’ ಎಂದೇ ಬರೆದಿದ್ದೇನೆ. ಅತ್ತೆಗೂ ತಿಳಿಯುತ್ತದೆ.

ಅಳತೆಯ ಪದ ತಪ್ಪಿದರೆ ದುಡ್ಡಿಗೇ ಪೆಟ್ಟು. ಮಾವನ ಮನೆಯ ಗೋಡೆಗೂಡಿನ ಅಗಲ 90 ಸೆಂಟಿಮೀಟರ್. 43 ಇಂಚಿನ ಟಿವಿಯ ಪರದೆಯ ಅಗಲವೇ ಸುಮಾರು 95 ಸೆಂಟಿಮೀಟರ್, ಎತ್ತರ 53ರಿಂದ 54. ಡಬ್ಬಿಯ ಮೇಲೆ ಸೆಂಟಿಮೀಟರಿನಲ್ಲಿ ಅಚ್ಚಾಗಿರುವ 108 ಎಂಬುದೂ ಮೂಲೆಯಿಂದ ಮೂಲೆಯ ಅಳತೆಯೇ, ಅಗಲವಲ್ಲ. ಹಳೆಯ ಟಿವಿಯ ಇಂಚನ್ನು ಹೊಸದರ ಇಂಚಿನ ಪಕ್ಕದಲ್ಲಿಟ್ಟು ಹೋಲಿಸುವುದೂ ಮೋಸ. ಹಳೆಯದರ ಆಕಾರ ನಾಲ್ಕಕ್ಕೆ ಮೂರು, ಹೊಸದರದು ಹದಿನಾರಕ್ಕೆ ಒಂಬತ್ತು. ಲೆಕ್ಕ ಹಾಕಿದರೆ ಹಳೆಯ ಆಕಾರದ 29 ಇಂಚಿಗೆ ಬರುವ ಎತ್ತರ 44 ಸೆಂಟಿಮೀಟರ್, ಹೊಸ ಆಕಾರದ 32 ಇಂಚಿಗೆ 40 ಸೆಂಟಿಮೀಟರ್. ಇಂಚು ಮೂರು ಹೆಚ್ಚಾದರೂ ವಾರ್ತೆ ಓದುವವರ ತಲೆ ಚಿಕ್ಕದಾಗುತ್ತದೆ. ತೆರಿಗೆಗೂ ಈ 32 ಇಂಚು ಗಡಿಯಾಗಿತ್ತು. ಅದಕ್ಕಿಂತ ದೊಡ್ಡವಕ್ಕೆ ಇದ್ದ ಶೇಕಡ 28ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 18ಕ್ಕೆ ಇಳಿದು ಚಿಕ್ಕವುಗಳ ಸಮಕ್ಕೆ ಬಂದಿದೆ.

‘ರೆಸಲ್ಯೂಷನ್’ ಎಂಬುದಕ್ಕೆ ‘ನಿರ್ಣಯ’ ಎಂದು ಬರೆದದ್ದನ್ನೂ ನೋಡಿದ್ದೇನೆ. ‘4ಕೆ ನಿರ್ಣಯದ ಟಿವಿ’ ಎಂದರೆ ಗ್ರಾಮಸಭೆಯಲ್ಲಿ ಅಂಗೀಕಾರವಾಗಿ ಬಂದ ಟಿವಿಯಂತಿದೆ. ‘ಸ್ಪಷ್ಟತೆ’ ಸುಲಭ, ಆದರೆ ಸ್ಪಷ್ಟತೆ ಎಂಬುದು ಫಲ; ಇಲ್ಲಿ ಹೇಳಬೇಕಾದದ್ದು ಚುಕ್ಕಿಗಳ ಎಣಿಕೆ. ಫುಲ್ ಎಚ್‌ಡಿಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080, ಒಟ್ಟು ಇಪ್ಪತ್ತು ಲಕ್ಷಕ್ಕೆ ಸ್ವಲ್ಪ ಮೇಲೆ. 4ಕೆಯಲ್ಲಿ 3840 ಮತ್ತು 2160, ಸುಮಾರು 83 ಲಕ್ಷ. ‘ನಾಲ್ಕು ಸಾವಿರ ಎಂದು ಹೇಳಿ 160 ಕಡಿಮೆ ಕೊಟ್ಟಿದ್ದಾರೆ’ ಎಂಬುದು ಮಾವನ ಆಕ್ಷೇಪ, ಲೆಕ್ಕದ ಪ್ರಕಾರ ಸರಿಯೇ. ‘ಚುಕ್ಕಿ ಎಣಿಕೆ’ ಎಂಬ ಪದವನ್ನು ಮುಂದಿಡುತ್ತೇನೆ. ಪಿಕ್ಸೆಲ್‌ಗೆ ‘ಚಿತ್ರಬಿಂದು’ ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಚುಕ್ಕಿ ಇರುವಾಗ ಬಿಂದು ಏಕೆ? ಎಣಿಕೆ ಹೆಚ್ಚಿದ ಮಾತ್ರಕ್ಕೆ ಸ್ಪಷ್ಟತೆ ಹೆಚ್ಚುವುದಿಲ್ಲ ಎಂಬುದನ್ನು ಹೇಳಲೂ ಎರಡು ಬೇರೆ ಪದಗಳು ಬೇಕು. ಕೇಬಲ್ಲಿನಲ್ಲಿ ಹಳೆಯ ಗುಣಮಟ್ಟದಲ್ಲೇ ಬರುವ ವಾಹಿನಿಯನ್ನು 55 ಇಂಚಿನ 4ಕೆ ಪರದೆಯ ಮೇಲೆ ಹತ್ತಿರದಿಂದ ನೋಡಿದರೆ ಚಿತ್ರ ಮಸುಕಾಗಿಯೇ ಇರುತ್ತದೆ.

‘ಹೊಳಪು’ ಇನ್ನೊಂದು ಕಾಟ. ಪರದೆ ಬೀರುವ ಬೆಳಕಿಗೂ ಹೊಳಪು ಎನ್ನುತ್ತೇವೆ, ಗಾಜಿನ ಮೇಲ್ಮೈ ಕನ್ನಡಿಯಂತೆ ಮಿರುಗುವುದಕ್ಕೂ ಹೊಳಪು ಎನ್ನುತ್ತೇವೆ. ಮೊದಲನೆಯದು ಹೆಚ್ಚಿದ್ದರೆ ಒಳ್ಳೆಯದು, ಎರಡನೆಯದು ಕಡಿಮೆ ಇದ್ದರೆ ಒಳ್ಳೆಯದು. ಹಜಾರದ ಕಿಟಕಿ ಟಿವಿಗೆ ಎದುರಾಗಿದ್ದರೆ ಮಧ್ಯಾಹ್ನವೆಲ್ಲ ಪರದೆಯ ಮೇಲೆ ಕಿಟಕಿಯೇ ಕಾಣುತ್ತದೆ. ಮೊದಲನೆಯದಕ್ಕೆ ‘ಪ್ರಖರತೆ’, ಎರಡನೆಯದಕ್ಕೆ ‘ಮಿರುಗು’ ಎಂದು ಬೇರ್ಪಡಿಸಿದ್ದೇನೆ. ‘ಸ್ಮಾರ್ಟ್’ ಅನ್ನು ಮುಟ್ಟಲು ಹೋಗಿಲ್ಲ. ‘ಜಾಣ ಟಿವಿ’ ಎಂದರೆ ನಾವು ದಡ್ಡರಾದೆವೇ ಎಂದು ಕೇಳುತ್ತಾರೆ.

ಇಡೀ ಯಂತ್ರಕ್ಕೇ ಕನ್ನಡದ ಹೆಸರು ಬೇಕೆಂಬ ಹಟ ನನಗಿಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ಕೇಂದ್ರ ‘ಆಕಾಶವಾಣಿ’ ಎನಿಸಿಕೊಂಡಿತು, ಮುಂದೆ ದೇಶದ ರೇಡಿಯೊಗೇ ಆ ಹೆಸರಾಯಿತು. ಆದರೂ ಯಾರೂ ಅಂಗಡಿಗೆ ಹೋಗಿ ಆಕಾಶವಾಣಿ ಕೊಳ್ಳಲಿಲ್ಲ, ರೇಡಿಯೊ ಕೊಂಡರು. ದೂರದರ್ಶನವೂ ವಾಹಿನಿಯ ಹೆಸರಾಗಿ ನಿಂತಿತು. ಯಂತ್ರ ಟಿವಿಯಾಗಿಯೇ ಇರಲಿ. ಅದರ ಗುಣಗಳನ್ನು ಹೇಳುವ ಮಾತುಗಳು ಕನ್ನಡದಲ್ಲಿ ಬೇಕು, ಏಕೆಂದರೆ ಮೋಸಹೋಗುವುದು ಅಲ್ಲಿಯೇ.

ನನ್ನ ಪ್ರಶ್ನೆಗಳು ಉಳಿದಿರುವುದು ಎರಡು. ‘ಹಿಂಬೆಳಕು’ ಎಂದರೆ ಕೆಲವರಿಗೆ ವಾಹನದ ಹಿಂದಿನ ಕೆಂಪು ದೀಪ ನೆನಪಾಗುತ್ತದಂತೆ. ‘ಬೆನ್ನಬೆಳಕು’ ಎಂದರೆ ಕಿವಿಗೆ ಒಗ್ಗೀತೇ? ಎರಡನೆಯದಾಗಿ, ತೊಗಲುಗೊಂಬೆ ಮೇಳದವರ ಒಡನಾಟವಿರುವವರು ಯಾರಾದರೂ ಇದ್ದರೆ, ತೆರೆಯ ಹಿಂದೆ ಇಡುವ ದೀಪಕ್ಕೆ ಅವರಲ್ಲಿ ಬೇರೆ ಹೆಸರೇನಾದರೂ ಇದೆಯೇ ಎಂದು ಕೇಳಿ ತಿಳಿಸಿ. ದಸರೆಯ ರಿಯಾಯಿತಿ ಶುರುವಾಗುವುದರೊಳಗೆ ತಿಳಿದರೆ ಮಾವನವರ ಪುಟಕ್ಕೆ ಸೇರಿಸುತ್ತೇನೆ.