ಪದ ಬೇಕು: 'ಪಿಯುಒ'ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆ ಪ್ರೆಸ್ಸಿಗೆ)

[ಅನುವಾದಕಿ, ಶಿವಮೊಗ್ಗ]

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಆಸ್ಪತ್ರೆಯೊಂದಕ್ಕೆ ಕೈಪತ್ರ ಮಾಡಿಕೊಡುತ್ತಿದ್ದೇನೆ. ವಾರ್ಡಿನಲ್ಲಿರುವ ರೋಗಿಗಳ ಮನೆಯವರಿಗೆ ಹಂಚುವುದಕ್ಕೆ. ಜ್ವರ ಇಳಿಯುತ್ತಿಲ್ಲ, ಯಾಕೆ ಬಂತೆಂದು ಗೊತ್ತಾಗುತ್ತಿಲ್ಲ, ಹಾಗಿರುವಾಗ ದಿನಾ ರಕ್ತ ತೆಗೆಯುವುದು ಯಾಕೆ ಅಂತ ತಿಳಿಸಬೇಕು. ಕೇಸ್ ಶೀಟಿನಲ್ಲಿ 'ಪಿಯುಒ' ಅಂತ ಬರೆಯುತ್ತಾರಲ್ಲ, ಪೈರೆಕ್ಸಿಯಾ ಆಫ್ ಅನ್‌ನೋನ್ ಒರಿಜಿನ್, ಅದೇ ತಲೆಬರಹ. ನಾನು 'ಅಜ್ಞಾತಮೂಲ ಜ್ವರ' ಅಂತ ಹಾಕಿದ್ದೆ. ಅಲ್ಲಿನ ನರ್ಸ್ ಓದಿ, 'ಇದೇನು ಮೇಡಂ, ಹೊಸ ವೈರಸ್ಸಾ?' ಅಂದರು.

ಇನ್ನೆರಡು ಪದವೂ ಬೇಕು: ಡ್ರಗ್ ಫೀವರ್ (ಔಷಧಿಯಿಂದಲೇ ಬರುವ ಜ್ವರ), ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ). ಎರಡನೆಯದಕ್ಕೆ ಫೋನಿನ ಆಪ್ 'ರಕ್ತ ಸಂಸ್ಕೃತಿ' ಅಂತ ಕೊಟ್ಟಿದೆ. ನಗಬೇಡಿ.

[ನಿವೃತ್ತ ಅಧ್ಯಾಪಕರು, ಮೈಸೂರು]

'ಅಜ್ಞಾತಮೂಲ ಜ್ವರ' ಸರಿಯಾಗಿಯೇ ಇದೆ. ಮೂರೂ ಸಂಸ್ಕೃತದ ಮನೆಯ ಪದಗಳು, ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಅರಿಸಮಾಸ ಅನ್ನುವ ತಕರಾರಿಲ್ಲ. ಬ್ಲಡ್ ಕಲ್ಚರಿಗೆ 'ರಕ್ತಸಂವರ್ಧನೆ' ಅನ್ನಿ. ನರ್ಸಿಗೆ ಅರ್ಥವಾಗದಿದ್ದರೆ ಅದು ಪದದ ತಪ್ಪಲ್ಲ.

[ಬೆಂಗಳೂರು]

ಹಾಗಾದ್ರೆ ಯಾರ ತಪ್ಪು ಮೇಷ್ಟ್ರೇ? ಕೈಪತ್ರ ಯಾರಿಗೆ ಅಂತ ಓದಿದಿರಾ? 'ರಕ್ತಸಂವರ್ಧನೆ' ಅಂದರೆ ರಕ್ತ ಜಾಸ್ತಿಯಾಗಲಿ ಅಂತ ಟಾನಿಕ್ ಕೊಡುತ್ತಾರೆ ಅಂದುಕೊಳ್ಳುತ್ತಾರೆ.

ನನ್ನ ಕೇಳಿದರೆ ಜ್ವರವೇ ಬೇಡ. ನಮಗೆ 'ಕಾವು' ಇದೆ. ತಮಿಳರು ಜ್ವರಕ್ಕೆ ಕಾಯ್ಚಲ್ ಅನ್ನುತ್ತಾರೆ, ಅದೇ 'ಕಾಯ್' ಬೇರು. ನಮ್ಮ 'ಕಾಯಿಲೆ'ಯೂ ಅದರಿಂದಲೇ ಹುಟ್ಟಿದ್ದು. 'ಬೇರರಿಯದ ಕಾವು' ಅನ್ನಿ. ಡ್ರಗ್ ಫೀವರಿಗೆ 'ಮದ್ದುಗಾವು'.

[ಧಾರವಾಡ]

'ಬೇರರಿಯದ ಕಾವು' ಅಂದರೆ ಕೋಳಿ ಕಾವಿಗೆ ಕೂತಂಗ ಐತಿ.

'ಕಾಯಿಲೆ' ಹುಟ್ಟಿದ್ದು 'ಕಾಯ್'ನಿಂದ ಅನ್ನುವುದೂ ನಿಲ್ಲುವುದಿಲ್ಲ. ಉರ್ದುವಿನ 'ಕಾಹಿಲ್' ನೋಡಿ. ಜಡ, ಸೋಮಾರಿ ಅಂತ ಅರ್ಥ. ಅರಬ್ಬಿಯಿಂದ ಬಂದದ್ದು. ಅಚ್ಚಗನ್ನಡ ಅಂತ ಎದೆ ತಟ್ಟಿಕೊಳ್ಳುವ ಮೊದಲು ನಿಘಂಟು ತೆಗೆಯಿರಿ.

[ವೈದ್ಯರು, ಮಂಗಳೂರು]

ಬೇರು ಆಮೇಲೆ ಅಗೆಯಿರಿ. ಇದೇನು ಅಂತ ಮೊದಲು ಹೇಳುತ್ತೇನೆ, ಯಾಕೆಂದರೆ ಮೇಲಿನ ಎಲ್ಲ ಪದಗಳೂ ಒಂದು ಕಡೆ ಎಡವುತ್ತಿವೆ.

1961ರಲ್ಲಿ ಅಮೆರಿಕದ ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಎಂಬ ವೈದ್ಯರು 100 ರೋಗಿಗಳ ಕತೆ ಒಟ್ಟುಗೂಡಿಸಿ ಇದಕ್ಕೊಂದು ಗೆರೆ ಎಳೆದರು. ಜ್ವರ ಮತ್ತೆ ಮತ್ತೆ 101 ಡಿಗ್ರಿ ದಾಟಬೇಕು. 3 ವಾರಕ್ಕಿಂತ ಜಾಸ್ತಿ ಇರಬೇಕು. ಆಸ್ಪತ್ರೆಯಲ್ಲಿ 1 ವಾರ ಹುಡುಕಿದರೂ ಕಾರಣ ಸಿಕ್ಕಿರಬಾರದು. ಮೂರು ವಾರ ಯಾಕೆ? ಸಾಮಾನ್ಯ ವೈರಲ್ ಜ್ವರಗಳು ಅಷ್ಟರೊಳಗೆ ತಾವೇ ಇಳಿಯುತ್ತವೆ. ಈಗ ಜ್ವರ ಬಂದ ಮಾರನೇ ದಿನವೇ ಪಿಯುಒ ಅಂತ ಗೀಚುವುದಿದೆ. ಅದು ಸೋಮಾರಿತನ. (ಕಾಹಿಲ್, ಅಲ್ವಾ?)

1991ರಲ್ಲಿ ಡ್ಯೂರಾಕ್ ಮತ್ತು ಸ್ಟ್ರೀಟ್ ಎಂಬ ವೈದ್ಯರು ಇದನ್ನು ನಾಲ್ಕು ಬಗೆ ಮಾಡಿದರು. ಹಳೆಯ ಬಗೆ ಒಂದು. ಬಿಳಿ ರಕ್ತಕಣ ತೀರಾ ಇಳಿದವರದು, ಎಚ್‌ಐವಿ ಇರುವವರದು ಬೇರೆ ಬೇರೆ. ಇನ್ನೊಂದು, ಬೇರೆ ಯಾವುದಕ್ಕೋ ಅಡ್ಮಿಟ್ ಆಗಿ ಆಸ್ಪತ್ರೆಯಲ್ಲೇ ಜ್ವರ ಹಿಡಿಸಿಕೊಂಡವರದು. ಇದರಲ್ಲಿ 3 ವಾರ ಕಾಯುವುದಿಲ್ಲ, 3 ದಿನ ಹುಡುಕಿಯೂ ಸಿಗದಿದ್ದರೆ ಸಾಕು. ಮೇಡಂ, ನಿಮ್ಮ ಕೈಪತ್ರ ಯಾವ ಬಗೆಯ ಬಗ್ಗೆ ಅಂತ ಕೇಳಿಕೊಳ್ಳಿ. ಅನುಮಾನ ಪಡುವ ಜಾಗಗಳೇ ಬೇರೆ. ಆಸ್ಪತ್ರೆಯ ಜ್ವರದಲ್ಲಿ ಡ್ರಿಪ್ ಹಾಕಿದ ಜಾಗ, ಮೂತ್ರದ ನಳಿಕೆ, ಆಪರೇಷನ್ ಗಾಯ, ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು, ಕೊಡುತ್ತಿರುವ ಆಂಟಿಬಯೋಟಿಕ್ ಇವನ್ನೇ ಮೊದಲು ನೋಡುತ್ತೇವೆ. ಹಳೆಯ ಬಗೆಯಲ್ಲಿ ಶ್ವಾಸಕೋಶ ಬಿಟ್ಟು ಬೇರೆಲ್ಲೋ ಕೂತ ಟಿಬಿ, ಹೃದಯದ ಕವಾಟದ ಸೋಂಕು, ಲಿಂಫೋಮಾ ಎಂಬ ಕ್ಯಾನ್ಸರ್, ಮೈಯೇ ಮೈಯ ಮೇಲೆ ತಿರುಗಿಬೀಳುವ ಸ್ಟಿಲ್ ಕಾಯಿಲೆಯಂಥವು.

ನಮ್ಮ ಕಡೆ ಇನ್ನೂ ಕೆಲವು ಸೇರುತ್ತವೆ. ದನ ಸಾಕುವವರಲ್ಲಿ, ಕಾಯಿಸದ ಹಾಲು ಕುಡಿದವರಲ್ಲಿ ಬ್ರೂಸೆಲ್ಲಾ ಎಂಬ ರೋಗಾಣುವಿನ ಸೋಂಕು. ಮಳೆಗಾಲದಲ್ಲಿ ಕೆಸರುಮಣ್ಣಿನಿಂದ ಮೆಲಿಯಾಯ್ಡೋಸಿಸ್ ಎಂಬ ಸೋಂಕು. ಸ್ಕ್ರಬ್ ಟೈಫಸ್‌ನಲ್ಲಿ ನುಸಿಯ (ಸೊಳ್ಳೆಯಲ್ಲ, ಮೈಟ್) ಮರಿ ಕಚ್ಚಿದ ಕಡೆ ಹಲವರಲ್ಲಿ ಒಂದು ಕಪ್ಪು ಹಕ್ಕಳೆ ಇರುತ್ತದೆ. ಅದು ಕಂಕುಳಲ್ಲೋ ತೊಡೆಸಂದಿಯಲ್ಲೋ ಅಡಗಿರುತ್ತದೆ. ಬಟ್ಟೆ ಸರಿಸಿ ನೋಡದಿದ್ದರೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿದರೂ ಸಿಗುವುದಿಲ್ಲ. 'ದನ ಇದೆಯಾ, ಕಾಡಿಗೆ ಹೋಗಿದ್ರಾ' ಅಂತ ಡಾಕ್ಟರು ಕೇಳಿದ್ದನ್ನೇ ಕೇಳುವುದು ಇದಕ್ಕೇ. ಇದನ್ನು ಕೈಪತ್ರದಲ್ಲಿ ಖಂಡಿತ ಹಾಕಿ.

ಈಗ ಪದ. 'ಅಜ್ಞಾತ' ಅಂದರೆ ಯಾರಿಗೂ ಗೊತ್ತಿಲ್ಲ ಅಂತಾಯಿತು. ನಾವು ಹೇಳುವುದು ಅದಲ್ಲ. ಕಾರಣ ಎಲ್ಲೋ ಇದೆ, ಹುಡುಕುತ್ತಿದ್ದೇವೆ. ಹಾಗಾಗಿ 'ಇನ್ನೂ' ಅನ್ನುವುದು ಬೇಕೇ ಬೇಕು. 'ಕಾರಣ ಇನ್ನೂ ಸಿಗದ ಜ್ವರ'.

[ಪುತ್ತೂರು]

ಡಾಕ್ಟ್ರು ಹೇಳಿದ್ದು ಸರಿ. ನನ್ನದು ಒಂದೇ ಮಾತು. 'ಮದ್ದುಗಾವು', 'ಮದ್ದಿನ ಜ್ವರ' ಯಾವುದೂ ಬೇಡ ಮಾರಾಯ್ರೆ. ನಮ್ಮ ಕಡೆ 'ಮದ್ದು ಹಾಕಿದ್ದಾರೆ' ಅಂದರೆ ಆಗದವರು ಊಟದಲ್ಲಿ ಕೈಮದ್ದು ಬೆರೆಸಿದ್ದಾರೆ ಅಂತ. ಕೈಪತ್ರ ಓದಿ ಮನೆಯವರು ರೋಗಿಯನ್ನು ಎಬ್ಬಿಸಿಕೊಂಡು ಮದ್ದು ತೆಗೆಸಲು ಹೋದಾರು.

ಹಾಗೆಯೇ 'ನಿಗೂಢ ಜ್ವರ' ಟಿವಿಯವರಿಗೆ ಬಿಡಿ. 'ಅಪರಿಚಿತ ಜ್ವರ' ಅಂದರೆ ರೈಲು ಹಳಿಯ ಪಕ್ಕ ಸಿಕ್ಕ ಅಪರಿಚಿತ ಶವದ ಸುದ್ದಿ ನೆನಪಾಗುತ್ತದೆ.

[ನಿವೃತ್ತ ಅಧ್ಯಾಪಕರು, ಮೈಸೂರು]

ಡಾಕ್ಟರ ಪದದಲ್ಲಿರುವ 'ಕಾರಣ'ವೂ ಸಂಸ್ಕೃತವೇ. ಗಮನಕ್ಕೆ.

[ಬೆಂಗಳೂರು]

ನಾಲಿಗೆಗೆ ಹತ್ತಿದ್ದನ್ನು ಯಾರೂ ಬೇಡ ಅನ್ನುತ್ತಿಲ್ಲ. ಹೊಸದಾಗಿ ಕಟ್ಟುವಾಗ ಕನ್ನಡದ್ದು ಯಾಕಾಗಬಾರದು ಅನ್ನುವುದು ನನ್ನ ಪ್ರಶ್ನೆ. ನಿಮ್ಮ ಮೈಸೂರಿನಲ್ಲಿ ಕೂಲಿಯವರು 'ಸಂವರ್ಧನೆ' ಅನ್ನುತ್ತಾರಾ?

[ಧಾರವಾಡ]

ಕಟ್ಟುವವರು ಯಾರು ಅನ್ನುವುದೂ ಮುಖ್ಯ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಊರುಗಳಲ್ಲಿ ಜನರಿಗೆ ಜ್ವರ ಹತ್ತಿತು. ವಿಜ್ಞಾನಿಗಳು ವೈರಸ್ ಹುಡುಕಿ ಕಾಡಿನ ಹೆಸರಿಟ್ಟರು. ಜನ ಕಣ್ಣಿಗೆ ಕಂಡದ್ದನ್ನು ಹಿಡಿದು 'ಮಂಗನ ಕಾಯಿಲೆ' ಅಂದರು. ಅದರಲ್ಲಿ ಉರ್ದು ಐತೋ ಇಲ್ಲೋ ಅಂತ ಯಾರೂ ಕೇಳಲಿಲ್ಲ. ನಮ್ಮ ಕಡೆ ಇವತ್ತಿಗೂ 'ಜ್ವರ ಬಂದಾವ', 'ಉರಿ ಬಂದಾವ' ಅಂತ 'ದವಾಖಾನಿ'ಗೆ ಹೋಗುತ್ತಾರೆ. ಒಂದು ಪಾರಸಿ, ಒಂದು ಸಂಸ್ಕೃತ, ಒಂದು ಕನ್ನಡ. ಯಾವುದನ್ನು ಕಿತ್ತು ಹಾಕುತ್ತೀರಿ?

[ಅನುವಾದಕಿ, ಶಿವಮೊಗ್ಗ]

ಎಲ್ಲರಿಗೂ ಥ್ಯಾಂಕ್ಸ್. ಆಸ್ಪತ್ರೆಯವರನ್ನು ಕೇಳಿದೆ, ಹಳೆಯ ಬಗೆ, ಆಸ್ಪತ್ರೆಯ ಜ್ವರ ಎರಡೂ ಬಗೆಯ ರೋಗಿಗಳಿಗೆ ಕೊಡುತ್ತಾರಂತೆ. ಹೀಗೆ ಹಾಕುತ್ತಿದ್ದೇನೆ. ತಲೆಬರಹ 'ಕಾರಣ ಇನ್ನೂ ಸಿಗದ ಜ್ವರ'. ಡ್ರಗ್ ಫೀವರಿಗೆ 'ಕೊಡುತ್ತಿರುವ ಔಷಧಿಯಿಂದಲೇ ಬರುವ ಜ್ವರ'. ಬ್ಲಡ್ ಕಲ್ಚರ್ ಹಾಗೇ ಇಟ್ಟು, ಕೆಳಗೆ 'ರಕ್ತವನ್ನು ಬಾಟಲಿಯಲ್ಲಿ ಬೆಚ್ಚಗಿಟ್ಟು ರೋಗಾಣು ಬೆಳೆಯುತ್ತದೆಯೇ ಎಂದು ಕೆಲವು ದಿನ ನೋಡುವ ಪರೀಕ್ಷೆ' ಅಂತ ಒಂದು ಸಾಲು. ಡಾಕ್ಟ್ರೇ, ಸರಿಯಿದೆಯಾ?

[ವೈದ್ಯರು, ಮಂಗಳೂರು]

ಸರಿಯಿದೆ. ಎರಡು ಸಾಲು ಸೇರಿಸಿ. ಒಂದು, ಡಾಕ್ಟರಿಗೆ ಹೇಳದೆ ಹೊರಗಿನ ಮಾತ್ರೆ ಕೊಡಬೇಡಿ ಅಂತ. ಆಂಟಿಬಯೋಟಿಕ್ ಹೊಟ್ಟೆಗೆ ಹೋದ ಮೇಲೆ ತೆಗೆದ ರಕ್ತದಲ್ಲಿ ರೋಗಾಣು ಇದ್ದರೂ ಬೆಳೆಯದೇ ಹೋಗಬಹುದು. ಇನ್ನೊಂದು, ಕಡೆಯವರೆಗೂ ಕಾರಣ ಸಿಗದೆ ಜ್ವರ ತಾನೇ ಇಳಿಯುವುದೂ ಉಂಟು. ಆಗ ಡಾಕ್ಟರು ಏನೋ ಮುಚ್ಚಿಡುತ್ತಿದ್ದಾರೆ ಅಂತ ಜಗಳ ಆಗುವುದು ಬೇಡ.

[ಬೆಂಗಳೂರು]

'ಕಾಯಿಲೆ' ಬಗ್ಗೆ ಧಾರವಾಡದವರು ಹೇಳಿದ್ದನ್ನು ನಾನು ಒಪ್ಪಿಲ್ಲ. ಬೇರೆ ಎಳೆ ಶುರು ಮಾಡುತ್ತೇನೆ, ಅಲ್ಲಿಗೆ ಬನ್ನಿ.