ಮಾಂಸಕ್ಕೆ ಹೊಗೆ ‘ಹಾಕುವುದೋ’, ‘ಹಿಡಿಸುವುದೋ’?

ಎಲ್ಲರಿಗೂ ನಮಸ್ಕಾರ.

ಎರಡು ದಿನದಿಂದ ಒಂದು ಕ್ರಿಯಾಪದಕ್ಕೆ ಹುಡುಕುತ್ತಿದ್ದೇನೆ. ನಾನಿರುವುದು ಅಮೆರಿಕದ ಮೆಂಫಿಸ್‌ನಲ್ಲಿ. ಇಲ್ಲಿ ಹಂದಿಯ ರಿಬ್ಸ್, ಅಂದರೆ ಮೂಳೆ ಸಮೇತ ಪಕ್ಕೆಯ ಮಾಂಸ, ಎರಡು ಥರ: ಸಾಸ್ ಸವರಿದ್ದು ‘ವೆಟ್’, ಬರೀ ಒಣ ಮಸಾಲೆಯದ್ದು ‘ಡ್ರೈ’. ನಾನು ಮನೆಯ ಹಿತ್ತಲಲ್ಲಿ ಇದ್ದಿಲ ಗ್ರಿಲ್ ಮೇಲೆ ಡ್ರೈ ಮಾಡುತ್ತೇನೆ. ಸಕಲೇಶಪುರದಲ್ಲಿರುವ ಅತ್ತಿಗೆ, ಮಾಡೋ ಕ್ರಮ ಬರೆದು ಕಳಿಸು, ಕನ್ನಡದಲ್ಲೇ ಬರಿ ಅಂದರು. ಬರೆಯಲು ಕೂತರೆ ‘ಸ್ಮೋಕ್ ಮಾಡಿ’ ಅನ್ನುವಲ್ಲೇ ಪೆನ್ನು ನಿಂತಿತು.

ಕೆಲಸ ಹೀಗಿದೆ. ಮೂಳೆಯ ಒಳಮೈಗೆ ಅಂಟಿದ ತೆಳು ಪೊರೆ ಕಿತ್ತು ತೆಗೆಯಬೇಕು. ಉಪ್ಪು, ಕಂದು ಸಕ್ಕರೆ, ಪ್ಯಾಪ್ರಿಕಾ (ಖಾರ ಕಮ್ಮಿ ಇರುವ ಕೆಂಪು ಮೆಣಸಿನ ಪುಡಿ), ಮೆಣಸು, ಬೆಳ್ಳುಳ್ಳಿ ಪುಡಿ ಬೆರೆಸಿ ಎರಡೂ ಕಡೆ ಹಚ್ಚಬೇಕು. ಕೆಂಡ ಗ್ರಿಲ್‌ನ ಒಂದು ಬದಿಗೆ, ಮಾಂಸ ಇನ್ನೊಂದು ಬದಿಗೆ. ಕೆಂಡದ ಮೇಲೆ ಹಿಕರಿ ಅಥವಾ ಸೇಬಿನ ಮರದ ತುಂಡು ಇಟ್ಟು, ಮುಚ್ಚಳದ ಗಾಳಿಕಿಂಡಿ ಮಾಂಸದ ಮೇಲೆ ಬರುವ ಹಾಗೆ ಮುಚ್ಚಬೇಕು, ಆಗ ಹೊಗೆ ಮಾಂಸವನ್ನು ದಾಟಿಕೊಂಡೇ ಹೊರಗೆ ಹೋಗುತ್ತದೆ. ಒಳಗಿನ ಕಾವು 107ರಿಂದ 120 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಐದಾರು ಗಂಟೆ ಹಿಡಿಯುತ್ತದೆ. ಅವಸರ ಮಾಡಿದರೆ ಮೂಳೆ ಸುತ್ತಲಿನ ಗಟ್ಟಿ ನಾರು ಕರಗುವುದೇ ಇಲ್ಲ, ಮಾಂಸ ರಬ್ಬರ್ ಆಗುತ್ತದೆ.

ಇದಕ್ಕೆ ‘ಸುಡು’ ಅನ್ನುವ ಹಾಗಿಲ್ಲ, ಬದನೆಕಾಯಿ ಸುಟ್ಟ ಹಾಗೆ ಬೆಂಕಿ ತಾಗುವುದಿಲ್ಲ. ‘ಹೊಗೆ ಹಾಕು’ ಅಂದರೆ ನನಗೆ ಕಾಣುವುದು ಹಣ್ಣಾಗಲಿ ಅಂತ ಬಾಳೆಗೊನೆಗೆ ಹಾಕುವ ಹೊಗೆ, ಸೊಳ್ಳೆ ಓಡಿಸಲು ಕೊಟ್ಟಿಗೆಯಲ್ಲಿ ಹಾಕುವ ಹೊಗೆ. ಬೆಂಗಳೂರಿನ ಹುಡುಗರ ಬಾಯಲ್ಲಿ ‘ಹೊಗೆ ಹಾಕಿಸಿಕೊಂಡ’ ಅಂದರೆ ಸತ್ತ ಅಂತ ಬೇರೆ! ‘ಹೊಗೆಯಾಡಿಸಿದ ಮಾಂಸ’ ಅಂತ ಬರೆದದ್ದನ್ನು ಓದಿದ್ದೇನೆ. ಆದರೆ ಪತ್ರಿಕೆಗಳಲ್ಲಿ ‘ಪಕ್ಷದಲ್ಲಿ ಅಸಮಾಧಾನ ಹೊಗೆಯಾಡುತ್ತಿದೆ’ ಅಂತ ಓದಿ ಓದಿ, ಆ ಪದ ಕೇಳಿದರೆ ನನಗೆ ಅಡುಗೆಮನೆ ನೆನಪಾಗುವುದೇ ಇಲ್ಲ. ಕೊಡಗಿನಲ್ಲಿ ಒಲೆಯ ಮೇಲೆ ಮಾಂಸ ತೂಗುಹಾಕಿ ಒಣಗಿಸುತ್ತಾರಲ್ಲ, ಅದರಲ್ಲೂ ಹೊಗೆಯ ಕೆಲಸ ಇದೆ. ಆದರೆ ಅದು ಕೆಡದ ಹಾಗೆ ಇಡುವ ಉಪಾಯ, ಮಾಂಸ ಬೇಯುವುದು ಆಮೇಲೆ. ಇಲ್ಲಿ ಹೊಗೆ ತಾಗುವುದೂ ಬೇಯುವುದೂ ಒಟ್ಟೊಟ್ಟಿಗೆ.

ನನ್ನ ಮನಸ್ಸು ಈಗ ‘ಹೊಗೆ ಹಿಡಿಸು’ ಕಡೆಗೆ ವಾಲಿದೆ. ಪಲ್ಯಕ್ಕೆ ‘ಉಪ್ಪು ಖಾರ ಚೆನ್ನಾಗಿ ಹಿಡಿದಿದೆ’ ಅನ್ನುತ್ತೇವೆ. ಹಿಡಿಯುವುದು ಅಂದರೆ ಒಳಗೆ ಇಳಿಯುವುದು, ಅಲ್ವಾ? ಸೌದೆ ಒಲೆಯಲ್ಲಿ ಹಾಲು ಹೊಗೆ ವಾಸನೆ ಹಿಡಿದರೆ ನಮ್ಮ ಅಜ್ಜಿ ಬೈಯುತ್ತಿದ್ದರು, ಅದು ಅಡುಗೆಯ ದೋಷ. ಇಲ್ಲಿ ಅದೇ ರುಚಿ. ದೋಷಕ್ಕೆ ಇದ್ದ ಮಾತನ್ನೇ ‘ಹಿಡಿಸು’ ಮಾಡಿದರೆ ಬೇಕಂತಲೇ ಮಾಡಿದ್ದು ಅಂತ ತಾನಾಗಿ ತಿಳಿಯುತ್ತದೆ. ‘ಹೊಗೆ ಹಿಡಿಸಿ ಬೇಯಿಸಿದ ಪಕ್ಕೆ’. ನನಗಂತೂ ಇದು ಕನ್ನಡ ಅನ್ನಿಸುತ್ತದೆ.

ಇನ್ನೆರಡು ಸಣ್ಣ ಸಂಶಯ. ‘ಪಕ್ಕೆಲುಬು’ ಅಂತ ಬರೆದರೆ ಡಾಕ್ಟರ್ ಚೀಟಿ ಓದಿದ ಹಾಗಾಗುತ್ತದೆ, ನಿಮ್ಮೂರ ಮಾಂಸದಂಗಡಿಯಲ್ಲಿ ಏನಂತ ಕೇಳುತ್ತೀರಿ? ಒಣ ಪುಡಿಗೆ ‘ಹಚ್ಚು’ ಸರಿಯೇ? ‘ಉಜ್ಜು’, ‘ತಿಕ್ಕು’ ಎರಡೂ ಪಾತ್ರೆ ತೊಳೆಯುವ ಮಾತು, ‘ಮೆತ್ತು’ ಅಂದರೆ ಗೋಡೆಗೆ ಹಸಿ ಮಣ್ಣು.

ಮಲೆನಾಡು, ಕೊಡಗು, ಮಂಗಳೂರು ಕಡೆಯವರು ನಿಮ್ಮ ಮನೆಯಲ್ಲಿ ಆಡುವ ಮಾತನ್ನೇ ಬರೆಯಿರಿ, ನಿಘಂಟಿನದ್ದು ನನ್ನ ಹತ್ತಿರ ಇದೆ. ಶನಿವಾರದೊಳಗೆ ಅತ್ತಿಗೆಗೆ ಕಳಿಸಬೇಕು.